ಕವಿಶಿಷ್ಯ ಪಂಜೆ ಮಂಗೇಶರಾಯರು

ಶಾಲೆಯ ಪದ್ಯಪಾಠಕ್ಕೆ ಕವಿಪರಿಚಯವೆಂದು ನಾಲ್ಕು ಸಾಲು ಸೇರಿಸಿರುತ್ತಾರೆ. ಮಕ್ಕಳು ಅದನ್ನು ಉರುಹೊಡೆದು ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ. ಅದಕ್ಕಿಂತ ಹೆಚ್ಚು ತಿಳಿಯಬಯಸುವ ಹುಡುಗನಿಗೆ ಅಧ್ಯಾಪಕರಾದ ನಾವು ಯಾವ ಪುಸ್ತಕ ಕೊಡೋಣ? ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ' 1907, 1919, 1929ರಲ್ಲಿ ಮೂರು ಸಂಪುಟಗಳಾಗಿ ಬಂದ ಮಹಾಗ್ರಂಥ. ಆದರೆ ಅದು ಹಳೆಯ ಕವಿಗಳ ಚರಿತ್ರೆ. ಅಮೆರಿಕದಲ್ಲಿ 1971ರಿಂದ 'ಸಮ್‌ಥಿಂಗ್ ಎಬೌಟ್ ದಿ ಆಥರ್' ಎಂಬ ಮಾಲೆ, ಮಕ್ಕಳ ಲೇಖಕರನ್ನೇ ಕುರಿತು, ಮಕ್ಕಳೇ ಓದಬಹುದಾದ ಹಾಗೆ, ಚಿತ್ರಗಳೊಂದಿಗೆ ಹೊರಟಿತು. ಅಂಥ ಗ್ರಂಥಕ್ಕೆ ಕನ್ನಡದಿಂದ ಮೊದಲು ಯಾರ ಹೆಸರೆಂದು ಕೇಳಿದರೆ ನಾವು ಪಂಜೆಯವರನ್ನೇ ಹೇಳುತ್ತೇವೆ.

ಅವರು ಹುಟ್ಟಿದುದು 1874ರ ಫೆಬ್ರವರಿ 22ರಂದು, ಬಂಟವಾಳದಲ್ಲಿ. ತಂದೆ ರಾಮಪ್ಪಯ್ಯನವರು. ಮನೆಯ ಮಾತು ಕೊಂಕಣಿ, ಊರಿನ ಮಾತು ತುಳು, ಕಲಿತ ಮಾತು ಕನ್ನಡ. ಕಾಸರಗೋಡಿನ ನಮಗೆ ಇದು ವಿಚಿತ್ರವೆನಿಸದು. ನಮ್ಮ ತರಗತಿಯ ಅರ್ಧ ಮಕ್ಕಳ ಸ್ಥಿತಿ ಇದೇ. ಬಡತನದಲ್ಲಿ ಓದಿ, ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಮುಂದೆ ಶಾಲಾ ಇನ್‌ಸ್ಪೆಕ್ಟರರಾಗಿ ಹಳ್ಳಿಯ ಶಾಲೆಗಳನ್ನು ಕಂಡರು. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದಾಗ 'ಹುತ್ತರಿಯ ಹಾಡು' ಬರೆದು ಕೊಡಗಿನವರಿಗೂ ತಮ್ಮವರಾದರು.

ಆದರೆ ಬರೆದುದಕ್ಕೆ ತಮ್ಮ ಹೆಸರು ಹಾಕುವುದರಲ್ಲಿ ಅವರಿಗೆ ಏನೋ ಸಂಕೋಚ. ಬೆನಗಲ್ ರಾಮರಾಯರ 'ಸುವಾಸಿನಿ' ಪತ್ರಿಕೆಯಲ್ಲಿ 1900ರ ಸುಮಾರಿಗೆ ಕತೆ ಹರಟೆಗಳನ್ನು ಬರೆದವರು ಯಾರು? ಒಮ್ಮೆ ರಾ. ಮ. ಪಂ., ಒಮ್ಮೆ ಹರಟೆಮಲ್ಲ! ಮಕ್ಕಳ ಪದ್ಯಗಳಿಗೆ ಕವಿಶಿಷ್ಯ. ಕನ್ನಡ ಸಣ್ಣಕತೆಯ ಮೊದಲಿಗರ ಸಾಲಿನಲ್ಲಿ ಅವರನ್ನು ಸೇರಿಸಲು ವಿದ್ವಾಂಸರು ಈ ಅಂಕಿತಗಳನ್ನೆಲ್ಲ ಬಿಡಿಸಿ ನೋಡಬೇಕಾಯಿತು.

ಮಕ್ಕಳಿಗಾದರೋ ಆ ಗೋಜೇ ಇಲ್ಲ. 'ನಾಗರ ಹಾವೆ' ಹಾಡುವ ಮಗುವಿಗೆ ಹಾವು ಗೊತ್ತು, ಕವಿ ಗೊತ್ತಿಲ್ಲ. 'ತೆಂಕಣ ಗಾಳಿಯಾಟ'ದಲ್ಲಿ ಬೀಸುವುದು ನಮ್ಮ ಕರಾವಳಿಯ ಗಾಳಿ. ಕಡಲನ್ನೇ ಕಾಣದ ಮಕ್ಕಳಿಗೂ ಅದರ ಸದ್ದು ಮೊದಲು ಹಿಡಿಸುತ್ತದೆ, ಅರ್ಥ ಆಮೇಲೆ. ಪದ್ಯ ಕಲಿಸುವ ಕ್ರಮವೂ ಅದೇ ಎಂಬುದು ನಮ್ಮ ಅನುಭವ.

ಕಡಲು ಕಾಣದ ಮಕ್ಕಳೆಂದಾಗ ನಮಗೆ ನೆನಪಾಗುವುದು ಆದವಾನಿ, ಆಲೂರು ಕಡೆಯ ಹತ್ತಿಹೊಲಗಳ ಸೀಮೆ. ಪಂಜೆಯವರ ಕಾಲದಲ್ಲಿ ಅದು ಬಳ್ಳಾರಿ ಜಿಲ್ಲೆಯ ಭಾಗ. ಕಾಸರಗೋಡು ದಕ್ಷಿಣ ಕನ್ನಡದ ತಾಲೂಕು. ಎರಡೂ ಮದ್ರಾಸು ಪ್ರಾಂತದವು, ಒಂದೇ ವಿದ್ಯಾ ಇಲಾಖೆಯವು. 1934ರಲ್ಲಿ ಪಂಜೆಯವರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದುದು ರಾಯಚೂರಿನಲ್ಲಿ, ಆದವಾನಿಯಿಂದ ತುಂಗಭದ್ರೆ ದಾಟಿದರೆ ಸಿಗುವ ಊರಿನಲ್ಲಿ. ರಾಯಚೂರು ಆಗ ನಿಜಾಮರದು, ಉರ್ದುವಿನ ಆಡಳಿತ. ಅಲ್ಲಿ ಕನ್ನಡದ ಅಧ್ಯಕ್ಷಪೀಠದಲ್ಲಿ ಕೂತವರು ಒಬ್ಬ ಮಕ್ಕಳ ಕವಿ, ಮೇಷ್ಟ್ರು!

1937ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು. 1953ರ ಅಕ್ಟೋಬರ್ 1ಕ್ಕೆ ಆದವಾನಿ, ಆಲೂರುಗಳು ಆಂಧ್ರಕ್ಕೆ ಹೋದವು. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಬಂದೆವು. ಎರಡು ಕಡೆಯ ಕನ್ನಡ ಶಾಲೆಗಳಿಗೂ ಈಗ ಪಠ್ಯ ಬೇರೆ, ಇಲಾಖೆ ಬೇರೆ. ಪಠ್ಯ ಬದಲಾದಾಗ ಪದ್ಯ ಬಿಟ್ಟುಹೋಗಬಹುದು. ಪದ್ಯ ಹೋದರೆ ಆ ನಾಲ್ಕು ಸಾಲಿನ ಪರಿಚಯವೂ ಹೋಯಿತು. ಅದಕ್ಕೇ ಬೇರೆಯಾಗಿ ಒಂದು ಗ್ರಂಥ ಶಾಲೆಯ ಕಪಾಟಿನಲ್ಲಿರಬೇಕೆನ್ನುವುದು.

ಅದರಲ್ಲಿ ಇವರನ್ನು ಯಾವ ಅಕ್ಷರದಡಿ ಹುಡುಕುವುದು? ಪಕಾರದಲ್ಲಿ ಪಂಜೆಯೆಂದೇ ಇರಲಿ. ಕವಿಶಿಷ್ಯ, ಹರಟೆಮಲ್ಲ, ರಾ. ಮ. ಪಂ. ಎಂಬಲ್ಲಿಯೂ ಒಂದೊಂದು ಸಾಲು ಬರೆದು, ಪಂಜೆ ನೋಡಿ ಎಂದು ಸೂಚಿಸಿದರಾಯಿತು.