ವಿದ್ಯಾರ್ಥಿನಾಯಕ ಸ್ಟೀವ್ ಬಿಕೊ

ದಕ್ಷಿಣ ಆಫ್ರಿಕದಲ್ಲಿ 1948ರಲ್ಲಿ ಅಧಿಕಾರಕ್ಕೆ ಬಂದ ಬಿಳಿಯರ ಸರ್ಕಾರವು ವರ್ಣಭೇದವನ್ನು ರಾಷ್ಟ್ರದ ನೀತಿಯನ್ನಾಗಿ ಮಾಡಿಕೊಂಡಿತು. ವಾಸದ ಬಡಾವಣೆ, ಶಾಲೆ, ಆಸ್ಪತ್ರೆ, ರೈಲುಗಾಡಿ ಎಲ್ಲವೂ ಮೈಬಣ್ಣವನ್ನು ಅನುಸರಿಸಿ ಬೇರೆಬೇರೆಯಾದವು. ಬಹುಸಂಖ್ಯಾತರಾದ ಕಪ್ಪು ಜನರು ತಮ್ಮ ನಾಡಿನಲ್ಲಿಯೇ ಪರಕೀಯರಂತೆ ಬಾಳಬೇಕಾಯಿತು. ಇಂತಹ ಕಾಲದಲ್ಲಿ ವಿದ್ಯಾರ್ಥಿ ಮಂಡಲಿಯ ಸದಸ್ಯರಾಗಿ ಹೊರಟು, ತಮ್ಮ ಜನರಲ್ಲಿ ಆತ್ಮಗೌರವವನ್ನು ಎಚ್ಚರಿಸಿದ ಧೀರರು ಸ್ಟೀವ್ ಬಿಕೊ.

ಬಿಕೊ ಅವರು 1946ರ ಡಿಸೆಂಬರ್ 18ರಂದು ಕೇಪ್ ಪ್ರಾಂತದಲ್ಲಿ ಜನಿಸಿದರು. ಕಿಂಗ್ ವಿಲಿಯಮ್ಸ್ ಟೌನ್ ಪಟ್ಟಣಕ್ಕೆ ಸೇರಿದ ಗಿನ್ಸ್‌ಬರ್ಗ್ ಎಂಬ ಬಡಾವಣೆಯಲ್ಲಿ ಅವರ ಬಾಲ್ಯ ಕಳೆಯಿತು. 1950ರಲ್ಲಿ, ಅವರಿನ್ನೂ ಎಳೆಯ ಮಗುವಾಗಿದ್ದಾಗಲೇ, ತಂದೆ ತೀರಿಕೊಂಡರು. ತಾಯಿ ಆಲಿಸ್ ಆಸ್ಪತ್ರೆಯೊಂದರಲ್ಲಿ ಅಡುಗೆಯ ಕೆಲಸ ಮಾಡಿ ನಾಲ್ವರು ಮಕ್ಕಳನ್ನು ಸಾಕಿದರು. ಬುದ್ಧಿವಂತ ಬಾಲಕನ ಓದು ನಿಲ್ಲಬಾರದೆಂದು ಬಡಾವಣೆಯ ಜನರು ಹಣ ಕೂಡಿಸಿ ನೆರವಾದರು. ಲವ್‌ಡೇಲ್ ಶಾಲೆಗೆ ಸೇರಿದ ಕೆಲವೇ ತಿಂಗಳಲ್ಲಿ ಅವರ ಅಣ್ಣನನ್ನು ರಾಜಕೀಯ ಸಂಶಯದ ಮೇಲೆ ಪೊಲೀಸರು ಬಂಧಿಸಿದರು. ತಮ್ಮನೂ ಶಾಲೆಯಿಂದ ಹೊರಬೀಳಬೇಕಾಯಿತು. ಮುಂದೆ ಮರಿಯನ್‌ಹಿಲ್‌ನ ಸೇಂಟ್ ಫ್ರಾನ್ಸಿಸ್ ಕಾಲೇಜಿನಲ್ಲಿ ಅವರು ಓದನ್ನು ಪೂರೈಸಿದರು.

1966ರಲ್ಲಿ ಬಿಕೊ ಡರ್ಬನ್ ನಗರದಲ್ಲಿದ್ದ ನೆಟಾಲ್ ವಿಶ್ವವಿದ್ಯಾನಿಲಯದ ವೈದ್ಯಕೀಯ ಶಾಲೆಯನ್ನು ಸೇರಿದರು. ಬಿಳಿಯರಲ್ಲದವರಿಗಾಗಿಯೇ ಮೀಸಲಾದ ಆ ವಿಭಾಗದಲ್ಲಿ ಆಫ್ರಿಕನ್ನರೊಡನೆ ಭಾರತೀಯ ಮೂಲದವರೂ ಮಿಶ್ರವರ್ಣೀಯರೂ ಓದುತ್ತಿದ್ದರು. ಸಹಪಾಠಿಗಳು ಬಿಕೊ ಅವರನ್ನು ವಿದ್ಯಾರ್ಥಿ ಪ್ರತಿನಿಧಿ ಮಂಡಲಿಗೆ ಆರಿಸಿದರು. ಈ ಮಂಡಲಿಯು ರಾಷ್ಟ್ರೀಯ ವಿದ್ಯಾರ್ಥಿ ಒಕ್ಕೂಟದೊಡನೆ ಸಂಬಂಧವನ್ನು ಹೊಂದಿತ್ತು. ಒಕ್ಕೂಟವು ವರ್ಣಭೇದವನ್ನು ವಿರೋಧಿಸುತ್ತಿದ್ದರೂ ಅದರ ಮುಂದಾಳುತನ ಹೆಚ್ಚಾಗಿ ಬಿಳಿಯ ವಿದ್ಯಾರ್ಥಿಗಳ ಕೈಯಲ್ಲಿತ್ತು.

1967ರ ಜುಲೈ ತಿಂಗಳಲ್ಲಿ ಗ್ರಹಾಮ್ಸ್‌ಟೌನ್‌ನ ರೋಡ್ಸ್ ವಿಶ್ವವಿದ್ಯಾನಿಲಯದಲ್ಲಿ ಒಕ್ಕೂಟದ ಸಮ್ಮೇಳನ ನಡೆಯಿತು. ಬಿಳಿಯ ಪ್ರತಿನಿಧಿಗಳಿಗೆ ವಿದ್ಯಾರ್ಥಿನಿಲಯದಲ್ಲಿ ವಸತಿ ದೊರೆಯಿತು. ಕಪ್ಪು ಪ್ರತಿನಿಧಿಗಳಿಗೆ ಅಲ್ಲಿ ತಂಗಲು ಅವಕಾಶವಿರಲಿಲ್ಲ. ಅವರು ಊರಿನ ಚರ್ಚೊಂದರ ಸಭಾಂಗಣದಲ್ಲಿ ಮಲಗಬೇಕಾಯಿತು. ಎಲ್ಲರಿಗೂ ಸಮಾನವಾದ ಸ್ಥಳ ಸಿಗುವವರೆಗೆ ಸಮ್ಮೇಳನವನ್ನು ಮುಂದೂಡಬೇಕೆಂದು ಬಿಕೊ ಸೂಚನೆ ಮಂಡಿಸಿದರು. ದೀರ್ಘವಾದ ಚರ್ಚೆ ನಡೆದು, ಕೊನೆಗೆ ಸೂಚನೆ ಬಿದ್ದುಹೋಯಿತು. ಆ ಸೋಲು ಅವರನ್ನು ಆಳವಾದ ಚಿಂತನೆಗೆ ಹಚ್ಚಿತು. ಬಿಳಿಯ ಗೆಳೆಯರ ಸದುದ್ದೇಶದಲ್ಲಿ ಅವರಿಗೆ ಸಂಶಯವಿರಲಿಲ್ಲ. ಆದರೆ ನೋವನ್ನು ಉಣ್ಣುವವರು ಒಬ್ಬರು, ಅವರ ಪರವಾಗಿ ಮಾತನಾಡುವವರು ಇನ್ನೊಬ್ಬರು ಎಂಬ ಸ್ಥಿತಿ ಇರುವವರೆಗೆ ಕಪ್ಪು ಜನರು ತಲೆಯೆತ್ತಲಾರರೆಂದು ಅವರಿಗೆ ತೋರಿತು.

ತಮ್ಮದೇ ಸಂಘಟನೆಯೊಂದನ್ನು ಕಟ್ಟುವುದು ಸುಲಭವಾದ ನಿರ್ಧಾರವಾಗಿರಲಿಲ್ಲ. ಬೇರೆಯಾಗಿ ನಿಲ್ಲುವುದೆಂದರೆ ಸರ್ಕಾರದ ಪ್ರತ್ಯೇಕತಾ ನೀತಿಯನ್ನೇ ಒಪ್ಪಿದಂತಾಗುವುದೆಂದು ಅನೇಕರು ಆಕ್ಷೇಪಿಸಿದರು. ಬಿಕೊ ಕಾಲೇಜಿನಿಂದ ಕಾಲೇಜಿಗೆ ತಿರುಗಿ, ವಿದ್ಯಾರ್ಥಿಗಳೊಡನೆ ಕುಳಿತು, ಎದುರು ಮಾತುಗಳನ್ನು ಸಮಾಧಾನದಿಂದ ಕೇಳಿ ಉತ್ತರಿಸಿದರು. 1969ರ ಜುಲೈನಲ್ಲಿ ಟರ್ಫ್‌ಲೂಪ್‌ನಲ್ಲಿ ದಕ್ಷಿಣ ಆಫ್ರಿಕ ವಿದ್ಯಾರ್ಥಿ ಸಂಘಟನೆ ವಿಧ್ಯುಕ್ತವಾಗಿ ಆರಂಭವಾಯಿತು. ಬಿಕೊ ಅದರ ಮೊದಲ ಅಧ್ಯಕ್ಷರಾದರು. ವರ್ಣಭೇದಕ್ಕೆ ತುತ್ತಾದ ಆಫ್ರಿಕನ್ನರು, ಭಾರತೀಯರು, ಮಿಶ್ರವರ್ಣೀಯರು ಎಲ್ಲರನ್ನೂ ಕಪ್ಪು ಜನರೆಂಬ ಒಂದೇ ಹೆಸರಿನಿಂದ ಸಂಘಟನೆಯು ಕರೆಯಿತು. ಕೀಳರಿಮೆಯನ್ನು ಕಿತ್ತೊಗೆಯುವುದೇ ಬಿಡುಗಡೆಯ ಮೊದಲ ಹೆಜ್ಜೆಯೆಂಬುದು ಅದರ ತಿರುಳು.

ಒಂದು ವರ್ಷ ಕಳೆದೊಡನೆ ಬಿಕೊ ಅಧ್ಯಕ್ಷ ಪದವಿಯನ್ನು ಬಿಟ್ಟುಕೊಟ್ಟರು. ನಾಯಕತ್ವವು ಒಬ್ಬ ವ್ಯಕ್ತಿಯಲ್ಲಿ ನೆಲೆನಿಲ್ಲಬಾರದು, ಹೊಸಬರು ಮುಂದೆ ಬರಬೇಕು ಎಂಬುದು ಅವರ ನಂಬಿಕೆಯಾಗಿತ್ತು. 1970ರಲ್ಲಿ ಬಾರ್ನಿ ಪಿಟ್ಯಾನ ಅಧ್ಯಕ್ಷರಾದರು. ಬಿಕೊ ಪ್ರಕಟಣೆಗಳ ಹೊಣೆ ಹೊತ್ತು, ಗುಪ್ತನಾಮದಿಂದ ಲೇಖನಗಳನ್ನು ಬರೆದರು.

ಈ ಸೇವೆಗೆ ಅವರು ತೆತ್ತ ಬೆಲೆ ಅಲ್ಪವಲ್ಲ. 1972ರಲ್ಲಿ ವೈದ್ಯಕೀಯ ಶಾಲೆ ಅವರನ್ನು ಹೊರಗೆ ಹಾಕಿತು. ವೈದ್ಯನಾಗುವ ಆಸೆ ಅಲ್ಲಿಗೆ ಮುಗಿಯಿತು. 1973ರಲ್ಲಿ ಸರ್ಕಾರವು ಅವರನ್ನು ಕಿಂಗ್ ವಿಲಿಯಮ್ಸ್ ಟೌನ್ ಬಿಟ್ಟು ಹೋಗದಂತೆ ನಿರ್ಬಂಧಿಸಿತು. ಸಭೆಯಲ್ಲಿ ಮಾತನಾಡುವಂತಿಲ್ಲ, ಅವರ ಮಾತನ್ನು ಯಾರೂ ಅಚ್ಚು ಮಾಡುವಂತಿಲ್ಲ. ಆದರೂ ಅವರು ಕೈಕಟ್ಟಿ ಕೂರಲಿಲ್ಲ. ಸಂಗಡಿಗರೊಡನೆ ಸೇರಿ ಹತ್ತಿರದ ಹಳ್ಳಿಯಲ್ಲಿ ಜನೆಂಪಿಲೊ ಎಂಬ ಚಿಕಿತ್ಸಾಲಯವನ್ನು 1975ರಲ್ಲಿ ತೆರೆಯಲು ಶ್ರಮಿಸಿದರು. ಡಾಕ್ಟರ್ ಮಾಂಫೆಲ ರಾಂಫೆಲೆ ಅದನ್ನು ನಡೆಸಿದರು. ತಮ್ಮನ್ನು ಓದಿಸಿದ ಗಿನ್ಸ್‌ಬರ್ಗ್‌ನ ಮಕ್ಕಳಿಗಾಗಿ ಬಿಕೊ ವಿದ್ಯಾನಿಧಿಯನ್ನೂ ಏರ್ಪಡಿಸಿದರು.

1977ರ ಆಗಸ್ಟ್ 18ರಂದು ಪೊಲೀಸರು ಬಿಕೊ ಅವರನ್ನು ಬಂಧಿಸಿದರು. ವಿಚಾರಣೆಯ ಕಾಲದಲ್ಲಿ ತಲೆಗೆ ಬಿದ್ದ ಪೆಟ್ಟುಗಳಿಂದ ಅವರು ಮರಣೋನ್ಮುಖರಾದರು. ಆ ಸ್ಥಿತಿಯಲ್ಲಿಯೇ ಅವರನ್ನು ವಾಹನದಲ್ಲಿ ಸಾವಿರ ಕಿಲೋಮೀಟರಿಗೂ ದೂರದ ಪ್ರಿಟೋರಿಯಕ್ಕೆ ಸಾಗಿಸಲಾಯಿತು. ಸೆಪ್ಟೆಂಬರ್ 12ರಂದು ಅವರು ಕೊನೆಯುಸಿರೆಳೆದರು. ಆಗ ಅವರಿಗೆ ಕೇವಲ 30 ವರ್ಷ. ಅವರ ಅಂತ್ಯಕ್ರಿಯೆಗೆ ಸಾವಿರಾರು ಜನರು ನೆರೆದರು. 1994ರಲ್ಲಿ ದಕ್ಷಿಣ ಆಫ್ರಿಕದ ಸಮಸ್ತ ಪ್ರಜೆಗಳೂ ಮೊದಲ ಬಾರಿಗೆ ಸಮಾನರಾಗಿ ಮತ ಚಲಾಯಿಸಿದರು. ಆ ದಿನವನ್ನು ಕಾಣಲು ಬಿಕೊ ಉಳಿದಿರಲಿಲ್ಲ. ಆದರೆ ಅಂದು ಮತಗಟ್ಟೆಗಳ ಮುಂದೆ ಸಾಲುಗಟ್ಟಿ ನಿಂತವರಲ್ಲಿ ಅನೇಕರು ತಲೆಯೆತ್ತಿ ನಿಲ್ಲುವುದನ್ನು ಅವರಿಂದ ಕಲಿತವರಾಗಿದ್ದರು.