ಹಿಂದಿನ ಇರುಸು ಮತ್ತು ಶೇಠ್ ವಾಲಚಂದರ ಹಂಬಲ

ಹಳೆಯ ಮೋಟಾರು ಕಾರುಗಳನ್ನು ಮಕ್ಕಳಂತೆ ಜೋಪಾನ ಮಾಡುವ ಹವ್ಯಾಸಿಗಳು ಪುಣೆಯಲ್ಲಿದ್ದಾರೆ. ಅಂಥ ಕಾರಿನ ಹಿಂದಿನ ಇರುಸು ಕೆಟ್ಟು, ಅದೇ ಬಗೆಯದು ಎಲ್ಲಿಯೂ ದೊರೆಯದೆ ಹೋದಾಗ, ಬೇರೊಂದು ವಾಹನದ ಅಗಲವಾದ ಇರುಸನ್ನು ತಂದು, ಅದನ್ನು ಕಿರಿದುಗೊಳಿಸಿ ಕೂಡಿಸುವುದುಂಟು. ಕೇಳಲು ಸುಲಭ, ಮಾಡಲು ಬಲು ಕಠಿಣ. ಇರುಸಿನ ನಡುವಣ ಪೆಟ್ಟಿಗೆಯಲ್ಲಿ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಕೂಟವಿರುತ್ತದೆ. ಕಾರು ತಿರುವಿನಲ್ಲಿ ಹೊರಳುವಾಗ ಹೊರಬದಿಯ ಗಾಲಿ ಹೆಚ್ಚು ದೂರ, ಒಳಬದಿಯದು ಕಡಿಮೆ ದೂರ ಉರುಳಬೇಕಷ್ಟೆ; ಅದಕ್ಕೆ ಎಡೆಮಾಡಿಕೊಡುವುದೇ ಈ ಕೂಟದ ಕೆಲಸ. ಅದರ ಎರಡು ಕಡೆಗೂ ಉಕ್ಕಿನ ಕೊಳವೆಗಳು, ಕೊಳವೆಗಳೊಳಗೆ ಗಾಲಿಯನ್ನು ತಿರುಗಿಸುವ ದಂಡಗಳು. ಕೊಳವೆಯನ್ನು ಅಳೆದು ಕತ್ತರಿಸಿ, ನೇರವಾದ ಸರಳೊಂದನ್ನು ಒಳಗೆ ತೂರಿಸಿ, ಎಳ್ಳಷ್ಟೂ ಓರೆಯಾಗದಂತೆ ಬೆಸೆಯಬೇಕು. ಬೆಸುಗೆಯ ಕಾವಿಗೆ ಕೊಳವೆ ಸೊಟ್ಟಗಾದರೆ ಬೇರಿಂಗು ಸುಟ್ಟುಹೋಗುತ್ತದೆ. ದಂಡವನ್ನು ಮೋಟುಮಾಡಿ ಅದರ ತುದಿಯ ಹಲ್ಲುಗಳನ್ನು ಹೊಸದಾಗಿ ಕೊರೆದು, ಉಕ್ಕಿಗೆ ತಕ್ಕ ಹದ ಕೊಡದಿದ್ದರೆ ದಾರಿಯಲ್ಲೇ ತುಂಡಾದೀತು.

ತಗಡಿನ ಮೈಯನ್ನು ಯಾವ ಗ್ಯಾರೇಜಿನವನಾದರೂ ಬಡಿದು ಸರಿಪಡಿಸಿಯಾನು. ಇರುಸಿನ ಒಳಗುಟ್ಟನ್ನು ಬಲ್ಲವನೇ ಮೋಟಾರನ್ನು ಬಲ್ಲವನು. ಇಂಥ ಬಲ್ಲವರು ಈ ನಾಡಿನಲ್ಲಿ ಹುಟ್ಟಬೇಕೆಂದು, ಪರದೇಶದ ಬಿಡಿಭಾಗಗಳನ್ನು ಜೋಡಿಸುವುದರಲ್ಲೇ ತೃಪ್ತರಾಗಬಾರದೆಂದು ಹಂಬಲಿಸಿದವರಲ್ಲಿ ಶೇಠ್ ವಾಲಚಂದ್ ಹಿರಾಚಂದರು ಪ್ರಮುಖರು.

ಕನ್ನಡ ಮರಾಠಿಗಳೆರಡೂ ಕಿವಿಗೆ ಬೀಳುವ ಸೊಲ್ಲಾಪುರದಲ್ಲಿ, ಗುಜರಾತಿ ಜೈನ ವರ್ತಕರ ಮನೆಯಲ್ಲಿ, 1882ರ ನವೆಂಬರ್ 23ರಂದು ವಾಲಚಂದರು ಜನಿಸಿದರು. ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿಯೂ ಪುಣೆಯ ಡೆಕ್ಕನ್ ಕಾಲೇಜಿನಲ್ಲಿಯೂ ಓದಿದರಾದರೂ ಪದವಿ ಪಡೆಯಲಿಲ್ಲ. ಮನೆತನದ ಹತ್ತಿ ವ್ಯಾಪಾರ ಮತ್ತು ಲೇವಾದೇವಿಯಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ಆಗ ದೊರೆತ ಜೊತೆಗಾರರು ಫಾಟಕ್ ಎಂಬವರು. ಇವರು ಹಿಂದೆ ರೈಲ್ವೆಯಲ್ಲಿ ಗುಮಾಸ್ತರಾಗಿದ್ದವರು. ಶೇಠರ ಬಂಡವಾಳ, ಗುಮಾಸ್ತರ ಅನುಭವ ಎರಡೂ ಕೂಡಿ ಕಂತ್ರಾಟಿನ ಕಂಪೆನಿಯಾಯಿತು. ಆಫೀಸಿನ ಮೇಜಿನ ಮುಂದೆ ಕುಳಿತು ಕಲಿತ ವಿದ್ಯೆಯನ್ನು ಅಲ್ಪವೆಂದು ಎಣಿಸಬಾರದೆಂಬುದಕ್ಕೆ ಇದೊಂದು ನಿದರ್ಶನ.

ಅವರ ಮೊದಲ ಕಂತ್ರಾಟು ಬಾರ್ಸಿ ಲೈಟ್ ರೈಲ್ವೆಯ ಯೇಡಶಿ–ತಡವಳೆ ಹಾದಿಯದು. ಪಂಢರಪುರದ ಯಾತ್ರಿಕರನ್ನು ಬಹುಕಾಲ ಹೊತ್ತ ಈ ರೈಲಿನ ಹಳಿಗಳ ನಡುವಣ ಅಂತರ ಕೇವಲ 2 ಅಡಿ 6 ಅಂಗುಲ. ದೊಡ್ಡ ರೈಲಿನದು 5 ಅಡಿ 6 ಅಂಗುಲ. ಇರುಸು ಕಿರಿದಾದರೆ ಹಾದಿಯ ಖರ್ಚು ತಗ್ಗುತ್ತದೆ, ಬಡ ಸೀಮೆಗೂ ರೈಲು ಬರುತ್ತದೆ. ಆದರೆ ಕುರ್ಡುವಾಡಿ ಜಂಕ್ಷನ್ನಿನಲ್ಲಿ ಪ್ರತಿಯೊಂದು ಮೂಟೆಯನ್ನೂ ಒಂದು ಬಂಡಿಯಿಂದ ಇನ್ನೊಂದಕ್ಕೆ ಹೊರಬೇಕಾಗುತ್ತಿತ್ತು. ಇಂದು ಆ ಹಾದಿ ಬ್ರಾಡ್ ಗೇಜಾಗಿದೆ. ಇರುಸಿನ ಅಳತೆಯೆಂಬುದು ಕಬ್ಬಿಣದ ಲೆಕ್ಕವಷ್ಟೇ ಅಲ್ಲ, ಜನರ ದುಡಿಮೆಯ ಲೆಕ್ಕವೂ ಹೌದು.

ಮುಂದೆ ಅವರ ಕಂಪೆನಿಯು ಬೋರ್‌ಘಾಟಿನಲ್ಲಿ ರೈಲು ಸುರಂಗಗಳನ್ನು ಕೊರೆಯಿತು. ಪುಣೆಯಿಂದ ಮುಂಬಯಿಗೆ ಹೋಗಿಬರುವ ನಮ್ಮವರಿಗೆ ಆ ಘಾಟಿನ ಕತ್ತಲೆ ಪರಿಚಿತವೇ. 1919ರ ಏಪ್ರಿಲ್ 5ರಂದು ಸಿಂಧಿಯಾ ಕಂಪೆನಿಯ ‘ಲಾಯಲ್ಟಿ’ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು; ಆ ದಿನವನ್ನೇ ಭಾರತವು ಇಂದಿಗೂ ಸಾಗರಯಾನ ದಿನವೆಂದು ಆಚರಿಸುತ್ತದೆ. ಪುಣೆ ಜಿಲ್ಲೆಯ ಇಂದಾಪುರ ತಾಲೂಕಿನಲ್ಲಿ ಅವರು ನೆಲೆಗೊಳಿಸಿದ ಸಕ್ಕರೆ ಕಾರ್ಖಾನೆಯ ಊರು ವಾಲಚಂದನಗರವೆಂದೇ ಹೆಸರಾಯಿತು.

ಇಷ್ಟಾದರೂ ಮೋಟಾರಿನ ಹಂಬಲ ತೀರಲಿಲ್ಲ. 1928ರಿಂದ ಜನರಲ್ ಮೋಟಾರ್ಸ್ ಕಂಪೆನಿಯು ಮುಂಬಯಿಯಲ್ಲಿ ಕಾರುಗಳನ್ನು ಹೊರತರುತ್ತಿತ್ತು. ಆದರೆ ಅದು ಪೆಟ್ಟಿಗೆಗಳಲ್ಲಿ ಬಂದ ಭಾಗಗಳ ಜೋಡಣೆ ಮಾತ್ರ. ನಮ್ಮ ಕೆಲಸಗಾರನು ತಿರುಪು ಬಿಗಿಯುತ್ತಿದ್ದನೇ ಹೊರತು ಹಲ್ಲುಚಕ್ರ ಕೊರೆಯುತ್ತಿರಲಿಲ್ಲ. ಇದೇ ಕೊರಗು ಸರ್ ಎಂ. ವಿಶ್ವೇಶ್ವರಯ್ಯನವರಿಗೂ ಇತ್ತು. ಪುಣೆಯ ಸಾಯನ್ಸ್ ಕಾಲೇಜಿನಲ್ಲಿ ಇಂಜಿನಿಯರಿಂಗ್ ಕಲಿತ ಆ ಹಿರಿಯರು 1935ರಲ್ಲಿ ಯುರೋಪು ಅಮೆರಿಕಗಳನ್ನು ಸುತ್ತಿ, ಮೋಟಾರು ಕಾರ್ಖಾನೆಯ ಯೋಜನೆಯೊಂದನ್ನು ಸಿದ್ಧಪಡಿಸಿದರು. ವಾಲಚಂದರು ಅದಕ್ಕೆ ಹೆಗಲು ಕೊಟ್ಟು, ಅಮೆರಿಕದ ಕ್ರೈಸ್ಲರ್ ಕಂಪೆನಿಯೊಡನೆ ಮಾತುಕತೆ ನಡೆಸಿದರು. ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ತೆರೆಯುವ ಪ್ರಸ್ತಾಪವೂ ನಡೆಯಿತು. ಆದರೆ ಬ್ರಿಟಿಷ್ ಸರ್ಕಾರವು ಯುದ್ಧಕಾಲದಲ್ಲಿ ಇದು ಅಗತ್ಯವಲ್ಲವೆಂದು ಬಗೆದು ನೆರವು ನೀಡಲಿಲ್ಲ.

ವಿಮಾನದ ಕಥೆ ಬೇರೆ ತೆರನಾಯಿತು. 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಸಹಭಾಗಿತ್ವದಿಂದ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪೆನಿ ಸ್ಥಾಪನೆಯಾಯಿತು. ಇಂದಿನ ಎಚ್.ಎ.ಎಲ್.ಗೆ ಮೂಲ ಅದೇ. 1942ರಲ್ಲಿ ಅದು ಅವರ ಕೈಬಿಟ್ಟು ಸರ್ಕಾರದ ಪಾಲಾಯಿತು. ವಿಶಾಖಪಟ್ಟಣದಲ್ಲಿ ಅವರು ಕಟ್ಟಿದ ಹಡಗುಕಟ್ಟೆಯಿಂದ 1948ರ ಮಾರ್ಚ್ 14ರಂದು ಪಂಡಿತ ನೆಹರೂ ಅವರು ‘ಜಲ ಉಷಾ’ ಹಡಗನ್ನು ನೀರಿಗಿಳಿಸಿದರು. ಮುಂದೆ ಅದೂ ಸರ್ಕಾರದ್ದಾಯಿತು.

ಮೋಟಾರಿಗಾಗಿ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪೆನಿ ಹುಟ್ಟಿತು. 1947ರಲ್ಲಿ ಮುಂಬಯಿಯ ಕುರ್ಲಾ ಕಾರ್ಖಾನೆಯಿಂದ ಮೊದಲ ವಾಹನಗಳು ಹೊರಬಂದವು. ಒಪ್ಪಿಕೊಳ್ಳಬೇಕಾದ ಮಾತೆಂದರೆ, ಅವು ಕೂಡ ಬಹುಮಟ್ಟಿಗೆ ಕ್ರೈಸ್ಲರ್ ಭಾಗಗಳ ಜೋಡಣೆಯೇ. ಯಾವುದನ್ನು ಸಾಲದೆಂದು ಬಗೆದಿದ್ದರೋ ಅಲ್ಲಿಂದಲೇ ಆರಂಭಿಸಬೇಕಾಯಿತು. ಒಂದೊಂದೇ ಭಾಗವನ್ನು ಇಲ್ಲಿ ಮಾಡುತ್ತ ಹೋಗುವ ಗುರಿಯನ್ನು ಮಾತ್ರ ಬಿಡಲಿಲ್ಲ. ಗುರಿ ಮುಟ್ಟುವ ಮೊದಲೇ, 1949ರಲ್ಲಿ ಪಾರ್ಶ್ವವಾಯು ಬಡಿಯಿತು. ಮರುವರ್ಷ ವ್ಯವಹಾರದಿಂದ ನಿವೃತ್ತರಾದರು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ಕಣ್ಣುಮುಚ್ಚಿದರು. 

ಅದೇ ವರ್ಷವೇ, ದೇಶದಲ್ಲಿ ತಯಾರಿಕೆಯ ಯೋಜನೆಯಿಲ್ಲದೆ ಬರಿಯ ಜೋಡಣೆ ನಡೆಸುವ ಕಂಪೆನಿಗಳು ಮುಂದುವರಿಯಬಾರದೆಂದು ಭಾರತ ಸರ್ಕಾರ ತೀರ್ಮಾನಿಸಿತು. ಜನರಲ್ ಮೋಟಾರ್ಸ್, ಫೋರ್ಡ್ ಕಂಪೆನಿಗಳು ಬಾಗಿಲು ಮುಚ್ಚಿ ಹೊರಟವು, ಪ್ರೀಮಿಯರ್ ಉಳಿಯಿತು. ಇಟಲಿಯ ಫಿಯಟ್ ಮಾದರಿಯ ಅದರ ಕಾರೇ 1970ರ ದಶಕದಲ್ಲಿ ‘ಪದ್ಮಿನಿ’ ಎಂಬ ಹೆಸರು ಪಡೆದು, ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಎಷ್ಟೋ ಕುಟುಂಬಗಳಿಗೆ ಅನ್ನವಿತ್ತಿತು. ರಾತ್ರಿ ಹೋಟೆಲು ಮುಚ್ಚಿದ ಮೇಲೆ, ಊರಿನಿಂದ ಬಂದ ತಂದೆತಾಯಿಗಳನ್ನು ಕರೆತರಲು ಅದನ್ನೇರಿದ ಕನ್ನಡಿಗರು ಹಲವರು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ನಿವೃತ್ತವಾಯಿತು.

ಶೇಠರು ಲಾಭವನ್ನು ಬಯಸದ ವಿರಕ್ತರಾಗಿರಲಿಲ್ಲ, ವ್ಯಾಪಾರಿಯೇ ಆಗಿದ್ದರು. ಆದರೆ ಸರಕನ್ನು ತರಿಸಿ ಮಾರುವುದಕ್ಕೂ ಅದನ್ನು ಮಾಡಲು ಕಲಿಯುವುದಕ್ಕೂ ಇರುವ ಅಂತರವನ್ನು ಅರಿತ ವ್ಯಾಪಾರಿ. ಇಂದು ಪುಣೆಯ ಸುತ್ತಮುತ್ತ, ಪಿಂಪರಿ ಚಿಂಚವಾಡಗಳಲ್ಲಿ, ಉಕ್ಕನ್ನು ಕಾಸಿ ಬಡಿದು ಮೋಟಾರಿನ ಭಾಗಗಳನ್ನು ಮಾಡುವ ಕೈಗಳು ಸಾವಿರಾರು. ಹಳೆಯ ಕಾರೊಂದರ ಇರುಸನ್ನು ಕತ್ತರಿಸಿ, ನೇರ ಸರಳು ಹಿಡಿದು, ಬೆಸೆಯಲು ಕುಳಿತ ಮಿಸ್ತ್ರಿಯ ಕೈ ನಡುಗದೆ ಇರುವುದಾದರೆ, ಆ ಧೈರ್ಯದ ಹಿಂದೆ ಅನೇಕರ ದುಡಿಮೆಯಿದೆ. ಸೊಲ್ಲಾಪುರದ ಈ ಶೇಠರದೂ ಅದರಲ್ಲೊಂದು ಪಾಲು.