ಜಮಖಂಡಿಯಿಂದ ಡೆಕ್ಕನ್ ಕಾಲೇಜಿಗೆ: ಗುರುದೇವ ರಾನಡೆ

ಗುರುದೇವ ರಾನಡೆ ಎಂದರೆ ನಮ್ಮ ಭಾಗದ ಜನರಿಗೆ ನಿಂಬಾಳದ ಆಶ್ರಮ ನೆನಪಾಗುತ್ತದೆ. ಅವರೊಬ್ಬ ಸಂತರು, ತತ್ತ್ವಜ್ಞಾನಿಗಳು ಎಂಬುದು ಎಲ್ಲರಿಗೂ ಗೊತ್ತು. ಆದರೆ ಅವರು ಜಮಖಂಡಿಯಲ್ಲಿಯೇ ಹುಟ್ಟಿ, ಇಲ್ಲಿಯ ಹೈಸ್ಕೂಲಿನಲ್ಲಿಯೇ ಕಲಿತು, ವಿದ್ಯಾರ್ಥಿವೇತನ ಗಳಿಸಿ ಪುಣೆಯ ಕಾಲೇಜು ಸೇರಿದ ಹುಡುಗ ಎಂಬ ಸಂಗತಿ ನಮ್ಮ ವಿದ್ಯಾರ್ಥಿಗಳಿಗೆ ಅಷ್ಟಾಗಿ ತಿಳಿದಿಲ್ಲ. ಈ ಲೇಖನ ಆ ಹುಡುಗನ ಕುರಿತು.

ರಾಮಚಂದ್ರ ದತ್ತಾತ್ರೇಯ ರಾನಡೆಯವರು 1886ರ ಜುಲೈ 3ರಂದು ಜಮಖಂಡಿಯಲ್ಲಿ ಜನಿಸಿದರು. ಆಗ ಜಮಖಂಡಿ ಪಟವರ್ಧನ ಮನೆತನದ ಸಂಸ್ಥಾನ. ಪರಶುರಾಮಭಾವು ಹೈಸ್ಕೂಲಿನಲ್ಲಿ ಓದಿ 1902ರಲ್ಲಿ ಮೆಟ್ರಿಕ್ ಪಾಸಾದರು. ಅಂದಿನ ಮೆಟ್ರಿಕ್ ಪರೀಕ್ಷೆ ನಡೆಸುತ್ತಿದ್ದುದು ಮುಂಬಯಿ ವಿಶ್ವವಿದ್ಯಾಲಯ. ಅಂದರೆ ಮುಂಬಯಿ, ಪುಣೆಯ ಹುಡುಗರ ಜೊತೆಗೇ ಜಮಖಂಡಿಯ ಹುಡುಗನ ಸ್ಪರ್ಧೆ! ಅದರಲ್ಲಿ ಉನ್ನತ ಸ್ಥಾನ ಪಡೆದು, ಸಂಸ್ಕೃತಕ್ಕೆಂದು ಮೀಸಲಾಗಿದ್ದ ಜಗನ್ನಾಥ ಶಂಕರಶೇಟ್ ವಿದ್ಯಾರ್ಥಿವೇತನವನ್ನು ಗೆದ್ದರು. ಜಗನ್ನಾಥ ಶಂಕರಶೇಟ್ ಅವರು ಮುಂಬಯಿಯ ದೊಡ್ಡ ವ್ಯಾಪಾರಿ, ಶಿಕ್ಷಣಕ್ಕಾಗಿ ಕೈಬಿಚ್ಚಿ ಖರ್ಚು ಮಾಡಿದವರು. 1865ರಲ್ಲಿ ತೀರಿಕೊಂಡರು. ಅವರು ಎಂದೂ ಕಾಣದ ಒಂದು ಊರಿನ ಹುಡುಗನಿಗೆ ಅವರ ಹೆಸರಿನ ಹಣ ಮೂವತ್ತೇಳು ವರ್ಷಗಳ ನಂತರ ಬಂದು ಮುಟ್ಟಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಕಾಲಕ್ಕೆ ನಮ್ಮ ಕಡೆ ಕಾಲೇಜು ಎಂಬುದೇ ಇರಲಿಲ್ಲ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಜಮಖಂಡಿಗೆ ರೈಲೂ ಇರಲಿಲ್ಲ. ಮೆಟ್ರಿಕ್ ಆದವನು ಮುಂದೆ ಓದಬೇಕೆಂದರೆ ಪುಣೆಯಂಥ ದೂರದ ಊರಿಗೆ ಹೋಗಬೇಕು, ಅಲ್ಲಿ ಊಟ, ವಸತಿ, ಫೀ, ಪುಸ್ತಕ ಎಲ್ಲಕ್ಕೂ ದುಡ್ಡು ಬೇಕು. ಇಂದು ರಬಕವಿ-ಬನಹಟ್ಟಿಯ ಮಗ್ಗದ ಮನೆಯ ಹುಡುಗಿಗೆ ಕಾಲೇಜು ಬಸ್ಸಿನ ದೂರದಲ್ಲಿದೆ. ದೂರ ಕಡಿಮೆಯಾಗಿದೆ ನಿಜ, ಖರ್ಚು ಕಡಿಮೆಯಾಗಿಲ್ಲ.

ರಾನಡೆಯವರು ಪುಣೆಯ ಡೆಕ್ಕನ್ ಕಾಲೇಜು ಸೇರಿ 1907ರಲ್ಲಿ ಬಿ.ಎ. ಮುಗಿಸಿದರು. ಅನಂತರ ಅದೇ ಕಾಲೇಜಿನಲ್ಲಿ ದಕ್ಷಿಣಾ ಫೆಲೋ ಆಗಿ ನೇಮಕಗೊಂಡರು. ಈ ದಕ್ಷಿಣಾ ಫೆಲೋಶಿಪ್ಪಿನ ಕಥೆ ನಮ್ಮ ಸಂಸ್ಥೆಯ ಹಿರಿಯರು ಕೇಳುವಂಥದ್ದು. ಪೇಶ್ವೆಯರ ಕಾಲದಲ್ಲಿ ಶ್ರಾವಣ ಮಾಸದಲ್ಲಿ ಪುಣೆಗೆ ಬಂದ ಬ್ರಾಹ್ಮಣ ಪಂಡಿತರಿಗೆ ದಕ್ಷಿಣೆ ಹಂಚುವ ಪದ್ಧತಿಯಿತ್ತು. 1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದ ಮೇಲೆ ಇಂಗ್ಲಿಷರು ಆ ನಿಧಿಯನ್ನು ನಿಲ್ಲಿಸಲಿಲ್ಲ, ಬೇರೆ ಕಡೆಗೆ ತಿರುಗಿಸಿದರು. 1821ರಲ್ಲಿ ಅದರ ಒಂದು ಭಾಗದಿಂದ ಪುಣೆಯಲ್ಲಿ ಸಂಸ್ಕೃತ ಪಾಠಶಾಲೆ ನಡೆಯಿತು, ಅದೇ ಮುಂದೆ ಡೆಕ್ಕನ್ ಕಾಲೇಜಾಗಿ ಬೆಳೆಯಿತು. ಕ್ರಮೇಣ ಪದವಿ ಪಡೆದ ಜಾಣ ತರುಣರಿಗೆ ಫೆಲೋಶಿಪ್ ಕೊಡುವ ವ್ಯವಸ್ಥೆಯೂ ಬಂತು. ಸಮಾಜ ಸುಧಾರಕ ಗೋಪಾಳ ಗಣೇಶ ಅಗರ್ಕರರೂ ಈ ಫೆಲೋಶಿಪ್ ಪಡೆದವರೇ. ಒಮ್ಮೆಲೇ ಹಂಚಿ ಮುಗಿಯುತ್ತಿದ್ದ ಹಣ ವರ್ಷವಿಡೀ ಒಬ್ಬ ವಿದ್ಯಾರ್ಥಿಯನ್ನು ಕಾಲೇಜಿನಲ್ಲಿ ಉಳಿಸತೊಡಗಿತು.

ರಮಜಾನ್ ತಿಂಗಳಲ್ಲಿ ನಮ್ಮ ಮೊಹಲ್ಲಾಗಳಲ್ಲಿಯೂ ಜಕಾತ್ ಹಣ ಹತ್ತು, ಇಪ್ಪತ್ತು ರೂಪಾಯಿಯಾಗಿ ಬಾಗಿಲಲ್ಲೇ ಹಂಚಿಹೋಗುತ್ತದೆ. ಜಕಾತಿಗೆ ಅರ್ಹರಾದ ಬಡ ಮನೆಗಳಲ್ಲಿ ಬಿ.ಎ., ಬಿ.ಎಸ್ಸಿ. ಎರಡನೆಯ ವರ್ಷದಲ್ಲಿರುವವರು ಎಷ್ಟು ಜನರಿದ್ದಾರೆಂದು ಜಮಾತಿನವರು ಒಂದು ಪಟ್ಟಿ ಮಾಡಿದರೆ ಹೇಗೆ? ಮೊದಲ ವರ್ಷ ಪ್ರವೇಶಕ್ಕೆ ಹೇಗೋ ಯಾರಾದರೂ ನೆರವಾಗುತ್ತಾರೆ. ಮುಖ್ಯವಾಗಿ ಕಾಲೇಜು ಬಿಡುವುದು ಆಮೇಲೆ. ಅಲ್ಪಸಂಖ್ಯಾತರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯೋಜನೆಯನ್ನು ಕೇಂದ್ರ ಸರಕಾರ 2007ರಲ್ಲಿ ಆರಂಭಿಸಿದಾಗಲೂ ಹಿಂದಿನ ಪರೀಕ್ಷೆಯಲ್ಲಿ ಶೇ. 50 ಅಂಕ ಬೇಕೆಂಬ ನಿಯಮವಿತ್ತು. ಪ್ರತಿವರ್ಷ ನವೀಕರಣದ ಅರ್ಜಿಯನ್ನೂ ಹಾಕಬೇಕಿತ್ತು. ಒಮ್ಮೆ ಮಂಜೂರಾಯಿತು, ಇನ್ನು ತಾನಾಗಿಯೇ ಬರುತ್ತದೆ ಎಂದು ಕುಳಿತು ಎರಡನೆಯ ವರ್ಷದ ಹಣ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ರಾನಡೆಯವರ ದಾರಿಯೂ ನೇರವಾಗಿರಲಿಲ್ಲ. ಬಿ.ಎ. ನಂತರ ಅವರು ತೀವ್ರ ಕಾಯಿಲೆಗೆ ಬಿದ್ದರು. ಎಂ.ಎ. ಮುಗಿಸುವ ಹೊತ್ತಿಗೆ 1914 ಆಗಿತ್ತು. ಬಿ.ಎ. ಆಗಿ ಏಳು ವರ್ಷ! ಅವರಿಗೆ ಆಗ ಇಪ್ಪತ್ತೆಂಟರ ಹತ್ತಿರ ವಯಸ್ಸು. ಆದರೂ ಛಾನ್ಸಲರ್ ಪದಕದೊಂದಿಗೆ ತೇರ್ಗಡೆಯಾದರು. ಮನೆಯಲ್ಲಿ ಅಬ್ಬಾಜಾನರ ಕಾಯಿಲೆಯಿಂದಲೋ ದುಡ್ಡಿಲ್ಲದೆಯೋ ಒಂದು ವರ್ಷ ಓದು ಬಿಟ್ಟು, ಈಗ ತಿರುಗಿ ಹೋಗಲು ನಾಚಿಕೊಳ್ಳುವ ನಮ್ಮ ಹುಡುಗರಿಗೆ ನಾನು ತರಗತಿಯಲ್ಲಿ ಈ ಏಳು ವರ್ಷಗಳ ಲೆಕ್ಕವನ್ನೇ ಹೇಳುತ್ತೇನೆ.

1914ರಲ್ಲಿಯೇ ಅವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಉಪನಿಷತ್ತುಗಳ ತತ್ತ್ವಜ್ಞಾನವನ್ನು ಕುರಿತ ಅವರ ಪ್ರಸಿದ್ಧ ಇಂಗ್ಲಿಷ್ ಗ್ರಂಥ 1926ರಲ್ಲಿ ಹೊರಬಂತು. ಮರುವರ್ಷ ಅಲಹಾಬಾದ್ ವಿಶ್ವವಿದ್ಯಾಲಯ ಅವರನ್ನು ತತ್ತ್ವಶಾಸ್ತ್ರ ವಿಭಾಗಕ್ಕೆ ಕರೆಸಿಕೊಂಡಿತು. ಆಗ ಅಲ್ಲಿ ಕುಲಪತಿಗಳಾಗಿದ್ದವರು ಮಹಾಪಂಡಿತ ಗಂಗಾನಾಥ ಝಾ. ಮುಂದೆ ಕೆಲಕಾಲ ರಾನಡೆಯವರೇ ಆ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದು, 1946ರಲ್ಲಿ ನಿವೃತ್ತರಾದರು. ಮಹಾರಾಷ್ಟ್ರದ ಸಂತರ ಬಗ್ಗೆ, ಕಬೀರ್ ಮೊದಲಾದ ಹಿಂದಿ ಸಂತರ ಬಗ್ಗೆ, ನಮ್ಮ ಕನ್ನಡದ ಶರಣರು ಮತ್ತು ದಾಸರ ಬಗ್ಗೆ ಬರೆದರು. ಉಮದಿಯ ಭಾವುಸಾಹೇಬ ಮಹಾರಾಜರಿಂದ ಬಾಲ್ಯದಲ್ಲಿಯೇ ಪಡೆದ ಉಪದೇಶವನ್ನು ಕೊನೆಯವರೆಗೆ ನಡೆಸಿಕೊಂಡು ಬಂದರು. 1957ರ ಜೂನ್ 6ರಂದು ನಿಂಬಾಳದಲ್ಲಿ ನಿಧನರಾದರು. ಜೂನ್ ಎಂದರೆ ನಮ್ಮಲ್ಲಿ ಶಾಲೆ ಶುರುವಾಗುವ ತಿಂಗಳು, ಮಕ್ಕಳು ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಯ ಮುಂದೆ ಸಾಲು ನಿಲ್ಲುವ ಕಾಲ.